ಪುಟ್ಟ ಹೆಲಿಕಾಪ್ಟರ್ ಸೇನೆಗೆ ಯಾಕೆ ಬೇಕು?

ಬನ್ನಿಮಂಟಪದ ದಸರಾ ಏರ್ ಶೋನಲ್ಲಿ ದೊಡ್ಡ ಹೆಲಿಕಾಪ್ಟರ್ ನೋಡಿದ್ದೀರಿ. ಅಂಥದ್ದಿರುವಾಗ ಐದು ಸೀಟಿನ ಚೀತಾ, ಏಳು ಸೀಟಿನ ಚೇತಕ್ ಯಾಕೆ, ಕಾವೇರಿ ಉಕ್ಕಿದರೆ ಅವು ಮಂಡ್ಯದ ಕಡೆ ಉಪಯೋಗಕ್ಕೆ ಬರುತ್ತವಾ ಅಂತ ಕೇಳಿದ್ದೀರಿ.

ಗಡಿ ಗಸ್ತು, ಫಿರಂಗಿ ಗುಂಡು ಎಲ್ಲಿ ಬಿತ್ತೆಂದು ಮೇಲಿನಿಂದ ನೋಡಿ ಗುರಿ ತಿದ್ದಿಸುವುದು, ಗಾಯಾಳುಗಳನ್ನು ಸಾಗಿಸುವುದು, ಕಡಲಲ್ಲಿ ಬಿದ್ದವರನ್ನು ಹುಡುಕುವುದು, ಇವೆಲ್ಲ ಅವುಗಳ ದಿನನಿತ್ಯದ ಕೆಲಸ. ಆದರೆ ಅವುಗಳ ನಿಜವಾದ ಬೆಲೆ ತಿಳಿಯಬೇಕಾದರೆ ತೂಕ ಮತ್ತು ಗಾಳಿಯ ಲೆಕ್ಕ ಹಾಕಬೇಕು.

ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಹೆಲಿಕಾಪ್ಟರ್ ಪಾಲಿಗೆ ಅದು 1600 ಮೀಟರ್ ಎತ್ತರಕ್ಕೆ ಸಮ. ಅಂದರೆ ನಿಂತಿರುವುದು ಮಂಡ್ಯದಲ್ಲಿ, ಗಾಳಿ ಒತ್ತಿ ಯಂತ್ರವನ್ನು ಮೇಲೆತ್ತುವ ರೋಟರಿಗೆ (ತಲೆಮೇಲೆ ತಿರುಗುವ ರೆಕ್ಕೆಗೆ) ಸಿಗುವುದು ಮಡಿಕೇರಿಗಿಂತ ತೆಳುವಾದ ಗಾಳಿ. ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು. ಇನ್ನು ಸಿಯಾಚಿನ್‌ನ 20,000 ಅಡಿಯ ಠಾಣೆಗಳಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಅಲ್ಲಿಗೆ ಹೋಗುವುದು ಚೀತಾ. ಇದರ ಮೂಲ ಫ್ರಾನ್ಸಿನ ಲಾಮಾ ಹೆಲಿಕಾಪ್ಟರ್. ಬಿಸಿಲಿಗೂ ಎತ್ತರಕ್ಕೂ ತಡೆಯುವ ಯಂತ್ರ ಬೇಕೆಂದು ನಮ್ಮ ಸೇನೆಯೇ ಕೇಳಿದ್ದರಿಂದ ರೂಪುಗೊಂಡದ್ದು. ಮೊದಲು ಹಾರಿದ್ದು 1969ರಲ್ಲಿ. ಖಾಲಿ ತೂಕ ಒಂದು ಟನ್ ಆಸುಪಾಸು, ಗರಿಷ್ಠ 1950 ಕೆ.ಜಿ. ನನಗೆ ಬಹಳ ಮೆಚ್ಚುಗೆಯಾಗುವುದು ಅದರ ಎಂಜಿನ್: 870 ಅಶ್ವಶಕ್ತಿ ಕೊಡಬಲ್ಲದ್ದನ್ನು 550ಕ್ಕೇ ಮಿತಿಗೊಳಿಸಿದ್ದಾರೆ. ಮೇಲೆ ಹೋದಂತೆ ಎಂಜಿನ್ನಿನ ಕಸುವು ಇಳಿಯುತ್ತದೆ, ಆದರೆ ಆ ಮೀಸಲು ಇರುವುದರಿಂದ 550 ಬಹಳ ಎತ್ತರದವರೆಗೂ ಸಿಗುತ್ತದೆ. 1972ರಲ್ಲಿ ಲಾಮಾ 12,442 ಮೀಟರ್ ಮುಟ್ಟಿದ್ದು ಹೀಗೇ.

ಆದರೂ ಅತಿ ಎತ್ತರದ ಠಾಣೆಗೆ ಒಯ್ಯಬಹುದಾದದ್ದು ಒಮ್ಮೆಗೆ 20-25 ಕೆ.ಜಿ.; ಒಂದು ಕ್ಯಾನ್ ಸೀಮೆಎಣ್ಣೆ ಅಂದುಕೊಳ್ಳಿ. ಇನ್ನೊಂದು 20 ಕೆ.ಜಿ. ಬೇಕಿದ್ದರೆ ತನ್ನ ಟ್ಯಾಂಕಿನಲ್ಲಿ 25 ಲೀಟರ್ ಇಂಧನ ಕಮ್ಮಿ ಮಾಡಿಕೊಂಡು ಹೊರಡಬೇಕು. ಅಲ್ಲಿ ಇಳಿದಾಗ ಎಂಜಿನ್ ಆರಿಸುವುದಿಲ್ಲ, ಆ ಚಳಿಯಲ್ಲಿ ಮತ್ತೆ ಹೊತ್ತಿಕೊಳ್ಳದಿದ್ದರೆ ಗತಿಯಿಲ್ಲ. ಸಾಮಾನು ಇಳಿಸಿದ ಕೂಡಲೇ ಮೇಲೇಳುವುದು. ಚೀತಾಗಳಿಗೆ ವಯಸ್ಸಾಗಿದೆ. ಅವುಗಳ ಜಾಗಕ್ಕೆಂದು ಎಚ್‌ಎಎಲ್ ಮಾಡಿರುವ, 2016ರಲ್ಲಿ ಮೊದಲು ಹಾರಿದ, ಮೂರು ಟನ್ ವರ್ಗದ ಎಲ್‌ಯುಎಚ್ (ಲೈಟ್ ಯುಟಿಲಿಟಿ ಹೆಲಿಕಾಪ್ಟರ್) ಬೇಗ ಕೈಸೇರಲಿ ಎಂಬುದು ನನ್ನ ಆಸೆ. ಅದಕ್ಕೆಂದೇ ಕಟ್ಟಿದ ಕಾರ್ಖಾನೆ ದೂರವೇನಲ್ಲ, ಗುಬ್ಬಿ ತಾಲ್ಲೂಕಿನಲ್ಲಿದೆ.

ಇನ್ನು ಪ್ರವಾಹ. ಚೀತಾ, ಚೇತಕ್ ಎರಡರ ರೋಟರೂ 11 ಮೀಟರ್ ಅಗಲ. ನೆಲದಿಂದ ಅಷ್ಟು ಎತ್ತರದೊಳಗೆ ಗಾಳಿಯಲ್ಲಿ ನಿಂತರೆ ಕೆಳಗಿನ ಗಾಳಿಯೇ ಮೆತ್ತೆಯಂತೆ ಆಸರೆಯಾಗುತ್ತದೆ. ಮಂಡ್ಯದಲ್ಲಿ ಮನೆ ಸುತ್ತ ತೆಂಗಿನ ಮರ. ಅದರ ಮೇಲಿಂದ ಹಗ್ಗ ಇಳಿಬಿಡುವಾಗ ಆ ಆಸರೆ ತಪ್ಪಿ ಹೆಚ್ಚು ಶಕ್ತಿ ಬೇಕಾಗುತ್ತದೆ. ಹಾಗಾಗಿ ಒಬ್ಬೊಬ್ಬರನ್ನೇ ಎಳೆದುಕೊಳ್ಳುತ್ತಾರೆ, ಒಂದು ಸುತ್ತಿಗೆ ಇಬ್ಬರು ಮೂವರು. ಇಡೀ ಊರನ್ನೇ ಸಾಗಿಸಲು ದೋಣಿ, ದೊಡ್ಡ ಹೆಲಿಕಾಪ್ಟರ್ ಬೇಕು. ಚಾವಣಿ ಮೇಲೆ ಸಿಕ್ಕಿಕೊಂಡ ಒಂದು ಸಂಸಾರಕ್ಕೆ ಪುಟ್ಟದ್ದೇ ವಾಸಿ, ಅದರ ಗಾಳಿಯ ಹೊಡೆತವೂ ಕಮ್ಮಿ.

ಇಳಿಯಲು ಜಾಗ ತೋರಿಸುವ ಪ್ರಸಂಗ ಬಂದರೆ 30 ಮೀಟರ್ ಉದ್ದ-ಅಗಲದ ಗಟ್ಟಿ ನೆಲ ಹುಡುಕಿ. ನೀರು ಕಟ್ಟಿದ ಭತ್ತದ ಗದ್ದೆ ಬೇಡ, ಚೀತಾದ ಸ್ಕಿಡ್ (ಚಕ್ರದ ಬದಲಿರುವ ಉದ್ದನೆಯ ಕಾಲು) ಕೆಸರಲ್ಲಿ ಹೂತರೆ ಮೇಲೇಳುವಾಗ ಒಂದು ಬದಿಗೆ ವಾಲಿ ಮಗುಚಬಹುದು. ಪಂಪ್‌ಸೆಟ್ಟಿನ ಕರೆಂಟ್ ತಂತಿ ಪೈಲಟ್‌ಗೆ ಮೇಲಿನಿಂದ ಕಾಣುವುದೇ ಇಲ್ಲ, ಎಲ್ಲಿದೆಯೆಂದು ಮೊದಲೇ ಹೇಳಿಕಳಿಸಿ. ತಗಡಿನ ಶೀಟು, ಟಾರ್ಪಾಲು, ಒಣಹುಲ್ಲು ದೂರ ಸರಿಸಿ. ಹತ್ತಿರ ಹೋಗುವುದು ಮುಂದಿನಿಂದ, ಪೈಲಟ್ ಸನ್ನೆ ಮಾಡಿದ ಮೇಲೆ, ತಲೆ ತಗ್ಗಿಸಿ. ಬಾಲದ ಕಡೆಗೆ ಯಾರೂ ಸುಳಿಯಬಾರದು, ತಿರುಗುತ್ತಿರುವ ಬಾಲದ ರೋಟರ್ ಕಣ್ಣಿಗೇ ಕಾಣುವುದಿಲ್ಲ.