ಓದುಗರ ಪ್ರಶ್ನೆ: ಹಸಿ ಹುರುಳಿ, ಹಲ್ಲಿನ ಮಾತ್ರೆ ಮತ್ತು ಟ್ರಿಪ್ಸಿನ್

ಪ್ರಶ್ನೆ: ಮೊಳಕೆ ಬಂದ ಹುರುಳಿಕಾಳನ್ನು ದಿನಾ ಬೆಳಿಗ್ಗೆ ಹಸಿಯಾಗಿಯೇ ತಿನ್ನುತ್ತೇನೆ. ಅದರಲ್ಲಿ ಜೀರ್ಣಶಕ್ತಿಯನ್ನೇ ಕಟ್ಟಿಹಾಕುವ ವಿಷವಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಮ್ಮತ್ತೆ ಮೊದಲಿನಿಂದಲೂ ಬೇಯಿಸಿ ತಿನ್ನು ಎನ್ನುತ್ತಾರೆ. ಯಾರ ಮಾತು ಸರಿ?
— ಗೃಹಿಣಿ, ಚಿತ್ರದುರ್ಗ

ಅತ್ತೆಯವರ ಮಾತು ಸರಿ. ವಾಟ್ಸ್‌ಆ್ಯಪ್‌ನದು ಅರ್ಧ ಸರಿ; ವಿಷ ಎಂದದ್ದು ಅತಿಯಾಯಿತು.

ನಾವು ತಿಂದ ಪ್ರೋಟೀನನ್ನು ಸಣ್ಣ ಕರುಳಿನಲ್ಲಿ ತುಂಡರಿಸುವ ಮುಖ್ಯ ಕಿಣ್ವ ಟ್ರಿಪ್ಸಿನ್. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ; ಅದರಲ್ಲಿ ಲೈಸೀನ್ ಅಥವಾ ಅರ್ಜಿನೀನ್ ಎಂಬ ಅಮೈನೋ ಆಮ್ಲ ಎಲ್ಲಿದೆಯೋ ಅದರ ಪಕ್ಕದಲ್ಲೇ ಕತ್ತರಿಸುತ್ತದೆ. ಹುರುಳಿಯಲ್ಲಿರುವ ಒಂದು ಪುಟ್ಟ ಪ್ರೋಟೀನು ಹೋಗಿ ಟ್ರಿಪ್ಸಿನ್ನಿನ ಕತ್ತರಿಸುವ ಜಾಗದಲ್ಲೇ ಕೂತುಬಿಡುತ್ತದೆ. ಅದಕ್ಕೆ ಎರಡು ತಲೆ: ಒಂದು ಟ್ರಿಪ್ಸಿನ್ನನ್ನು ಹಿಡಿದರೆ ಇನ್ನೊಂದು ಕೈಮೋಟ್ರಿಪ್ಸಿನ್ ಎಂಬ, ಪ್ರೋಟೀನನ್ನೇ ತುಂಡರಿಸುವ ಮತ್ತೊಂದು ಕಿಣ್ವವನ್ನು ಹಿಡಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಹುರುಳಿಯ ಈ ಪ್ರೋಟೀನನ್ನು ಬೇರ್ಪಡಿಸಿ, ಕಾಳು ಬಲಿಯುವಾಗ ಮತ್ತು ಮೊಳೆಯುವಾಗ ಅದು ಏನಾಗುತ್ತದೆ ಎಂದು ಬಿಡಿಸಿ ನೋಡಿದ್ದಾರೆ. ಮೊಳಕೆಯಲ್ಲಿ ಅದು ಗಾತ್ರದಲ್ಲಿ ಚಿಕ್ಕದಾಗುತ್ತದೆ, ಆದರೆ ಹಿಡಿಯುವ ಗುಣವನ್ನು ಬಿಟ್ಟುಕೊಡುವುದಿಲ್ಲ. ಮೊಳಕೆ ಬಂದರೆ ಎಲ್ಲ ದೋಷವೂ ಹೋಯಿತು ಎನ್ನುವವರು ಇದನ್ನು ಗಮನಿಸಬೇಕು.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಇದನ್ನು ಹಳೆಯ ಎಕ್ಸ್‌ರೇ ಫಿಲ್ಮಿನಲ್ಲಿ ತೋರಿಸುತ್ತಿದ್ದೆ. ಫಿಲ್ಮಿನ ಕಪ್ಪು ಬೆಳ್ಳಿ ಜೆಲಾಟಿನ್ ಪದರದಲ್ಲಿ ಹುದುಗಿರುತ್ತದೆ. ಜೆಲಾಟಿನ್ ಎಂದರೆ ಪ್ರೋಟೀನು. ಒಂದು ಪಟ್ಟಿಯನ್ನು ಉಗುರುಬೆಚ್ಚಗಿನ ಟ್ರಿಪ್ಸಿನ್ ದ್ರಾವಣದಲ್ಲಿ ಅದ್ದಿಟ್ಟರೆ ಕಪ್ಪು ಮಸಿಯಂತೆ ಇಳಿದು, ಪಾರದರ್ಶಕ ಪ್ಲಾಸ್ಟಿಕ್ ಮಾತ್ರ ಉಳಿಯುತ್ತದೆ. ಅದೇ ದ್ರಾವಣಕ್ಕೆ ಹಸಿ ಹುರುಳಿಯನ್ನು ಅರೆದು ಸೋಸಿದ ನೀರು ಬೆರೆಸಿದರೆ ಫಿಲ್ಮು ಕಪ್ಪಾಗಿಯೇ ಇರುತ್ತದೆ.

ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ 1917ರಲ್ಲೇ ಕಂಡಿದ್ದರು: ಹಸಿ ಸೋಯಾ ತಿಂದ ಇಲಿಗಳು ಬೆಳೆಯಲಿಲ್ಲ, ಬೇಯಿಸಿದ್ದನ್ನು ತಿಂದವು ಚೆನ್ನಾಗಿ ಬೆಳೆದವು. ಸೋಯಾದಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನನ್ನು ಕುನಿಟ್ಜ್ ಹರಳಾಗಿ ಬೇರ್ಪಡಿಸಿದ್ದು 1940ರ ದಶಕದಲ್ಲಿ. ಹುರುಳಿಯದು ಬೇರೆ ಜಾತಿಯದು, ಗಂಧಕದ ಏಳು ಕೊಂಡಿಗಳಿಂದ ಬಿಗಿದುಕೊಂಡಿರುವುದರಿಂದ ಸ್ವಲ್ಪ ಬಿಸಿಗೆಲ್ಲ ಜಗ್ಗುವುದಿಲ್ಲ. ನೆನೆಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಇನ್ನು ನೀವು ಪತ್ರದ ಕೊನೆಯಲ್ಲಿ ಬರೆದಿರುವ ಹೊಟ್ಟೆಯುಬ್ಬರಕ್ಕೆ ಟ್ರಿಪ್ಸಿನ್ನನ್ನು ತಡೆಯುವ ಈ ಪ್ರೋಟೀನನ್ನು ದೂರಬೇಡಿ. ಅದು ಬಹುಪಾಲು ಕಾಳಿನ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳ ಕೆಲಸ. ನೆನೆಸಿದ ನೀರನ್ನು ಚೆಲ್ಲಿದರೆ ತುಸು ಕಡಿಮೆಯಾಗುತ್ತದೆ.

ಪ್ರಶ್ನೆ: ಟ್ರಿಪ್ಸಿನ್ ಮಾಂಸವನ್ನೇ ಕರಗಿಸುವುದಾದರೆ ಅದನ್ನು ತಯಾರಿಸುವ ಮೇದೋಜೀರಕ ಗ್ರಂಥಿ ಏಕೆ ಕರಗುವುದಿಲ್ಲ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ಪ್ರಶ್ನೆ ಕೇಳಿದ್ದಕ್ಕೆ ಶಹಬ್ಬಾಸ್. ಗ್ರಂಥಿ ಟ್ರಿಪ್ಸಿನ್ನನ್ನು ತಯಾರಿಸುವುದೇ ಇಲ್ಲ. ತಯಾರಿಸುವುದು ಟ್ರಿಪ್ಸಿನೋಜನ್ ಎಂಬ ಒರೆಯಲ್ಲಿಟ್ಟ ಕತ್ತಿಯನ್ನು. ಸಣ್ಣ ಕರುಳಿನ ಗೋಡೆಯಲ್ಲಿರುವ ಎಂಟರೋಕೈನೇಸ್ ಎಂಬ ಕಿಣ್ವ ಅದರ ತುದಿಯ ಎಂಟು ಅಮೈನೋ ಆಮ್ಲಗಳ ತುಣುಕನ್ನು ಕತ್ತರಿಸಿ ತೆಗೆದಾಗಲೇ ಅದು ಕೆಲಸಕ್ಕೆ ಇಳಿಯುತ್ತದೆ. ಎಂಟರೋಕೈನೇಸನ್ನು 1899ರಲ್ಲಿ ಕಂಡುಹಿಡಿದದ್ದು ರಷ್ಯಾದ ಪಾವ್ಲೋವ್ ಪ್ರಯೋಗಾಲಯ. ಟ್ರಿಪ್ಸಿನ್ ಎಂದು ಹೆಸರಿಟ್ಟವರು ಹೈಡೆಲ್‌ಬರ್ಗ್‌ನ ಕ್ಯೂನೆ, 1876ರಲ್ಲಿ.

ಅಕಸ್ಮಾತ್ ಒಂದಿಷ್ಟು ಗ್ರಂಥಿಯೊಳಗೇ ಎಚ್ಚರಗೊಂಡರೂ ಅದನ್ನು ಹಿಡಿದುಕೊಳ್ಳಲು ತಡೆಪ್ರೋಟೀನೊಂದು ಅಲ್ಲೇ ಇರುತ್ತದೆ. ಅದನ್ನೂ ಮೀರಿದರೆ ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಂಡು ಸಾಯುತ್ತದೆ. ನನಗೆ ತುಂಬ ಇಷ್ಟವಾದ ಸಂಗತಿ ಇದು: ಕೆಲವು ಕುಟುಂಬಗಳಲ್ಲಿ ಮಕ್ಕಳಿಗೇ ಮೇದೋಜೀರಕದ ಉರಿಯೂತ ಮರಮರಳಿ ಬರುತ್ತದೆ. 1996ರಲ್ಲಿ ಕಾರಣ ಸಿಕ್ಕಿತು. ಟ್ರಿಪ್ಸಿನ್ ತನ್ನನ್ನು ಕತ್ತರಿಸಿಕೊಳ್ಳಬೇಕಾದ ಜಾಗದಲ್ಲಿ ಅರ್ಜಿನೀನ್ ಹೋಗಿ ಹಿಸ್ಟಿಡೀನ್ ಬಂದಿತ್ತು. ಕತ್ತರಿಸಲು ಗುರುತೇ ಇಲ್ಲದಂತಾಗಿ ಅದು ಸಾಯದೆ ಗ್ರಂಥಿಯನ್ನೇ ತಿನ್ನತೊಡಗುತ್ತದೆ.

ಪ್ರಶ್ನೆ: ಹಲ್ಲು ಕೀಳಿಸಿದ ಮೇಲೆ ಬಾವಿಗೆಂದು ಟ್ರಿಪ್ಸಿನ್-ಕೈಮೋಟ್ರಿಪ್ಸಿನ್ ಮಾತ್ರೆ ಕೊಟ್ಟರು. ನಾವು ಶುದ್ಧ ಸಸ್ಯಾಹಾರಿಗಳು. ಇದು ಪ್ರಾಣಿಜನ್ಯವೇ?
— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಸಾಮಾನ್ಯವಾಗಿ ಹೌದು, ದನ ಅಥವಾ ಹಂದಿಯ ಮೇದೋಜೀರಕದಿಂದ ತೆಗೆದದ್ದು. ಬೇಡವೆಂದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಸಂಕೋಚವೇನಿಲ್ಲ. ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿದ್ದರೆ ಅದನ್ನಂತೂ ಹೇಳಲೇಬೇಕು. ಜಠರದ ಆಮ್ಲಕ್ಕೆ ಸಿಕ್ಕದಿರಲೆಂದು ಮಾತ್ರೆಗೆ ಲೇಪ ಕೊಟ್ಟಿರುತ್ತಾರೆ, ಆದ್ದರಿಂದ ಅಗಿಯಬಾರದು. ನಮ್ಮ ದೇಶದಲ್ಲಿ ಇದನ್ನು ಬರೆದುಕೊಡುವ ಉತ್ಸಾಹಕ್ಕೆ ತಕ್ಕಷ್ಟು ಗಟ್ಟಿ ಪುರಾವೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮಗಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಾಳೆ. ‘ಇವತ್ತೆಲ್ಲ ಟ್ರಿಪ್ಸಿನ್ ಹಾಕಿದ್ದೇ ಆಯಿತು’ ಎನ್ನುತ್ತಾಳೆ. ಅಲ್ಲಿ ಯಾರ ಊಟ ಜೀರ್ಣವಾಗಬೇಕು?
— ತಂದೆ, ದಾವಣಗೆರೆ

ಊಟವಲ್ಲ ಸ್ವಾಮಿ, ಅಂಟು. ಪ್ಲಾಸ್ಟಿಕ್ ಬಾಟಲಿಯಲ್ಲಿ ಬೆಳೆಸಿದ ಜೀವಕೋಶಗಳು ತಳಕ್ಕೆ ಕಚ್ಚಿಕೊಂಡು ಚಪ್ಪಟೆಯಾಗಿ ಹರಡಿರುತ್ತವೆ. ಜಾಗ ತುಂಬಿದಾಗ ಬೇರೆ ಬಾಟಲಿಗೆ ಹಂಚಬೇಕು. ಕಾಲು ಶೇಕಡಾದಷ್ಟು ಟ್ರಿಪ್ಸಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರೆ, ಕೆಲವೇ ನಿಮಿಷಗಳಲ್ಲಿ ಚೂಪು ತುದಿಯ ಕೋಶಗಳು ಕಾಲು ಮಡಚಿಕೊಂಡು ದುಂಡಗಾಗುತ್ತವೆ. ಬಾಟಲಿಯ ಪಕ್ಕಕ್ಕೆ ಮೆಲ್ಲಗೆ ತಟ್ಟಿದರೆ ತೇಲಿಕೊಂಡು ಬರುತ್ತವೆ. ಆಗ ತಡಮಾಡದೆ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿದ್ರವ, ಬೆರೆಸಬೇಕು. ಟ್ರಿಪ್ಸಿನ್ನನ್ನು ಹಿಡಿದು ನಿಲ್ಲಿಸುವ ಪ್ರೋಟೀನುಗಳು ಅದರಲ್ಲಿವೆ. ಬಿಟ್ಟರೆ ಕೋಶಗಳೇ ಹಾಳಾಗುತ್ತವೆ. ಈ ವಿಧಾನವನ್ನು ರೌಸ್ ಮತ್ತು ಜೋನ್ಸ್ 1916ರಲ್ಲೇ ಪ್ರಕಟಿಸಿದ್ದರು. ಅನೇಕ ಲಸಿಕೆಗಳ ತಯಾರಿಕೆಯಲ್ಲಿ ಈಗಲೂ ಈ ಹೆಜ್ಜೆ ಇದೆ.

ಪ್ರಾಣಿಯಿಂದ ತೆಗೆದ ಟ್ರಿಪ್ಸಿನ್ನಿನೊಡನೆ ವೈರಸ್ಸೂ ಬಂದೀತು ಎಂಬ ಅಂಜಿಕೆಯಿಂದ ದನದ ಟ್ರಿಪ್ಸಿನ್ ಜೀನನ್ನು ಮುಸುಕಿನ ಜೋಳಕ್ಕೆ ಸೇರಿಸಿ, ಕಾಳಿನಿಂದಲೇ ಕಿಣ್ವ ತೆಗೆಯುವುದೂ ಬಳಕೆಗೆ ಬಂದಿದೆ. ಹುಬ್ಬಳ್ಳಿಯವರು ಆಸೆಪಡಬಾರದು, ಅದು ಪ್ರಯೋಗಾಲಯಕ್ಕೂ ಕಾರ್ಖಾನೆಗೂ ಮೀಸಲು. ಮಗಳು ಹಾಕುವ ಟ್ರಿಪ್ಸಿನ್ ಯಾವುದೆಂದು ಅವಳನ್ನೇ ಕೇಳಿ. ಬಾಟಲಿಯ ಮೇಲೆ ಬರೆದಿರುತ್ತದೆ.