ರೋಟವೇಟರ್ ಕ್ಲಚ್ ಜಾರಿದರೆ ನಟ್ ಬಿಗಿಯಬೇಕಾ?

ಪ್ರಶ್ನೆ: ಬಾಳೆ ತೆಗೆದ ಹೊಲಕ್ಕೆ ಮಣ್ಣು ಪುಡಿ ಮಾಡೋ ರೋಟವೇಟರ್ ಹಾಕಿದ್ದೆ. ಟ್ರ್ಯಾಕ್ಟರಿನಿಂದ ಅದಕ್ಕೆ ಶಕ್ತಿ ಕೊಡುವ ಪಿಟಿಒ ಶಾಫ್ಟಿನ ಸ್ಲಿಪ್ ಕ್ಲಚ್‌ನಿಂದ ಹೊಗೆ ಬಂತು, ಬ್ಲೇಡ್ ನಿಂತೇ ಹೋಯಿತು. ಮೆಕ್ಯಾನಿಕ್ ಒಬ್ಬರು ಸ್ಪ್ರಿಂಗ್ ನಟ್‌ಗಳನ್ನೆಲ್ಲ ಪೂರ್ತಿ ಬಿಗಿದು ಕೊಟ್ಟರು. ಎರಡೇ ದಿನಕ್ಕೆ ಶಾಫ್ಟಿನ ಕೀಲಿನ ಕ್ರಾಸ್ ಮುರಿಯಿತು. ಈಗ ಏನು ಮಾಡಲಿ ಸಾರ್?
– ಓದುಗ ರೈತ, ತಾಳವಾಡಿ, ಈರೋಡ್ ಜಿಲ್ಲೆ

ಉತ್ತರ: ಹೊಸ ಕ್ರಾಸ್ ಹಾಕಿಸಿ, ಆದರೆ ಅದಕ್ಕೂ ಮೊದಲು ಆ ನಟ್‌ಗಳನ್ನು ಸಡಿಲ ಮಾಡಿ. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗುವಷ್ಟು ಬಿಗಿದರೆ ಕ್ಲಚ್ ಇದ್ದೂ ಇಲ್ಲದ ಹಾಗೆ. ಕಲ್ಲಿಗೆ ಬ್ಲೇಡ್ ಬಡಿದಾಗ ಕ್ಲಚ್ಚಿನ ಪ್ಲೇಟ್ ಜಾರಲೇಬೇಕು. ಜಾರದಿದ್ದರೆ ಆ ಏಟು ಕ್ರಾಸಿಗೆ, ಗೇರ್‌ಬಾಕ್ಸಿಗೆ, ಟ್ರ್ಯಾಕ್ಟರಿನ ಪಿಟಿಒಗೂ ಹೋಗುತ್ತದೆ. ನಿಮ್ಮದು ಕ್ರಾಸಿಗೇ ನಿಂತಿತಲ್ಲ, ಪುಣ್ಯ.

ಹೊಗೆ ಯಾಕೆ ಬಂತು? ಬಾಳೆ ತೆಗೆದ ಹೊಲ ಅಂದಿರಿ, ನನಗೆ ಮೊದಲು ಅನುಮಾನ ಅಲ್ಲೇ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ರೋಟವೇಟರ್ ಎತ್ತಿ ಕೆಳಗೆ ಮರದ ದಿಮ್ಮಿ ಕೊಟ್ಟು ಬ್ಲೇಡ್ ಕೂತಿರುವ ರೋಟರ್ ನೋಡಿ. ನನ್ನ ಹೊಲದಲ್ಲಿ ಒಮ್ಮೆ ಬಾಳೆ ನಾರು, ಹರಿದ ಡ್ರಿಪ್ ಪೈಪು ಎರಡೂ ಸೇರಿ ಬೇರಿಂಗ್ ಪಕ್ಕ ಹಗ್ಗ ಹೊಸೆದ ಹಾಗೆ ಬಿಗಿದುಕೊಂಡಿದ್ದವು. ಕುಡುಗೋಲಿನಿಂದ ಕುಯ್ದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಭಾರ ಬಿದ್ದರೆ ಕ್ಲಚ್ ಜಾರದೆ ಇನ್ನೇನು ಮಾಡೀತು? ಆಳ ಜಾಸ್ತಿ ಇಟ್ಟರೂ, ಬ್ಲೇಡ್ ಸವೆದಿದ್ದರೂ ಹೀಗೇ.

ಆಮೇಲೆ ಕ್ಲಚ್ ಬಿಚ್ಚಿಸಿ. ಪ್ಲೇಟುಗಳ ನಡುವೆ ಹಿಡಿತ ಕೊಡುವ ಲೈನಿಂಗಿಗೆ ಗ್ರೀಸ್ ತಾಗಿದ್ದರೆ, ಸುಟ್ಟು ಗಾಜಿನಂತೆ ಹೊಳೆಯುತ್ತಿದ್ದರೆ ಹೊಸದು ಹಾಕಿಸಿ. ಪ್ಲೇಟಿಗೆ ತುಕ್ಕಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿದರೆ ಸಾಕು. ಸ್ಪ್ರಿಂಗಿನ ಉದ್ದ ಎಷ್ಟಿರಬೇಕು ಅಂತ ರೋಟವೇಟರ್ ಜೊತೆ ಬಂದ ಪುಸ್ತಕದಲ್ಲಿದೆ. ಎಲ್ಲ ಸ್ಪ್ರಿಂಗನ್ನೂ ಅದೇ ಅಳತೆಗೆ ತನ್ನಿ, ಕಣ್ಣಂದಾಜು ಬೇಡ.

ಇನ್ನೊಂದು ಪರೀಕ್ಷೆ ಇದೆ. ಪ್ಲೇಟುಗಳ ಅಂಚಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆಯಿರಿ. ನಟ್‌ಗಳನ್ನು ಎರಡೆರಡು ಸುತ್ತು ಸಡಿಲಿಸಿ. ಹತ್ತಿರ ಯಾರೂ ಇಲ್ಲ ಅಂತ ನೋಡಿಕೊಂಡು ಪಿಟಿಒ 2–3 ಸೆಕೆಂಡು ಹಾಕಿ, ತೆಗೆಯಿರಿ. ಇಂಜಿನ್ ಆಫ್ ಮಾಡಿ, ಎಲ್ಲ ನಿಂತ ಮೇಲೆ ಗೆರೆ ನೋಡಿ. ತುಂಡಾಗಿದ್ದರೆ ಪ್ಲೇಟ್ ಜಾರುತ್ತಿದೆ, ನಟ್‌ಗಳನ್ನು ಅದೇ ಎರಡು ಸುತ್ತು ವಾಪಸ್ ಬಿಗಿಯಿರಿ. ಗೆರೆ ಹಾಗೇ ಇದ್ದರೆ ಪ್ಲೇಟ್ ಅಂಟಿಕೊಂಡಿದೆ, ಮತ್ತೆ ಬಿಚ್ಚಬೇಕು. ಮಳೆಗಾಲವೆಲ್ಲ ಷೆಡ್ಡಿನಲ್ಲಿ ನಿಂತ ರೋಟವೇಟರನ್ನು ಹೊಲಕ್ಕೆ ಇಳಿಸುವ ಮುಂಚೆಯೂ ಈ ಗೆರೆ ಎಳೆದು ನೋಡಿ.