ತಾರೀಖು ನೆನಪಿಲ್ಲದಿದ್ದರೆ ಹಾಗೆಂದೇ ಬರೆಯಿರಿ

ಕೊಸೊವೊ ಯುದ್ಧದಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರನ್ನು ಅಲ್ಲಿನ ಸರ್ಕಾರ ಕಾನೂನಿನ ಮೂಲಕ ಸಂತ್ರಸ್ತರೆಂದು ಗುರುತಿಸಿದ್ದು 2014ರಲ್ಲಿ. ಇವರಿಗೆ ಕೊಡುವ ತಿಂಗಳ ಪಿಂಚಣಿಗೆ ಸರ್ಕಾರಿ ಆಯೋಗ ಅರ್ಜಿ ತೆಗೆದುಕೊಳ್ಳತೊಡಗಿದ್ದು 2018ರ ಫೆಬ್ರವರಿಯಲ್ಲಿ. ಆಗ ಮೊತ್ತ 230 ಯೂರೋವರೆಗೆ ಇತ್ತು. ಘಟನೆ 1998ರ ಫೆಬ್ರವರಿ 27ರಿಂದ 1999ರ ಜೂನ್ 20ರೊಳಗೆ ನಡೆದಿರಬೇಕು. ಈ ಗಡಿಯಿಂದಾಗಿಯೇ, ಅರ್ಜಿ ಬರೆಯಲು ನೆರವು ಕೇಳಿ ನಮ್ಮಲ್ಲಿಗೆ ಬಂದವರಿಗೆಲ್ಲ ತಾರೀಖಿನ ಭಯ. ಇಲ್ಲಿ ಗುರುತು ಸಿಗುವ ವಿವರಗಳನ್ನು ಬದಲಿಸಿದೆ.

ಹಾಗೆ ಬಂದವರಲ್ಲಿ ಒಬ್ಬರು ಹಳ್ಳಿಯ ಹೆಣ್ಣುಮಗಳು, ಐವತ್ತು ದಾಟಿದವರು. ಗಂಡನಿಗೆ ವಿಷಯ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಮೂರನೇ ಭೇಟಿಗೆ ಗಂಡ ಬರೆದುಕೊಟ್ಟ ಎರಡು ಪುಟದ ಹೇಳಿಕೆ ತಂದಿದ್ದರು. ದಿನ, ಗಂಟೆ, ಎಷ್ಟು ಜನ, ಎಲ್ಲ ಒಪ್ಪವಾಗಿತ್ತು. ಗಂಡನನ್ನು ಹೊರಗೆ ಕೂರಿಸಿ, ಅದನ್ನು ನಿಧಾನವಾಗಿ ಓದಿ ಹೇಳಿದಾಗ ಅವರು ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು.

"ಆ ತಾರೀಖು ನನ್ನದಲ್ಲ. ಅವರು ಲೆಕ್ಕ ಹಾಕಿ ಬರೆದದ್ದು. ಪ್ಲಮ್ ಗಿಡ ಹೂ ಬಿಟ್ಟಿತ್ತು. ಒಲೆ ಮೇಲೆ ಹಾಲು ಉಕ್ಕಿ ಹೋಗ್ತಾ ಇತ್ತು. ನಿಲ್ಲಿಸೋಕೆ ಯಾರೂ ಇರಲಿಲ್ಲ."

ಆ ಎರಡು ಪುಟ ಬದಿಗಿಟ್ಟು ಹೊಸದಾಗಿ ಬರೆಯಿರಿ ಅಂತ ಸಲಹೆ ಕೊಟ್ಟೆವು. ಖಾಲಿ ಜಾಗ ಬಿಟ್ಟರೆ ಅರ್ಜಿ ಸೊರಗುತ್ತದೆ ಅನ್ನುವವರಿದ್ದಾರೆ. ಅದನ್ನು ಒಪ್ಪಲಾಗದು. ಆಯೋಗ ಮಾತಿಗೆ ಕರೆದರೆ ಆಕೆ ಎಡವುವುದು ತನ್ನದಲ್ಲದ ತಾರೀಖಿನಲ್ಲೇ. ಆಮೇಲೆ ನಿಜವಾದ ಪ್ಲಮ್ ಹೂವನ್ನೂ ಅನುಮಾನದಿಂದ ನೋಡುತ್ತಾರೆ. ಆಘಾತದ ನೆನಪಿನಲ್ಲಿ ವಾಸನೆ, ಸದ್ದು ಉಳಿದು ದಿನ, ಕ್ರಮ ಅಳಿಸಿಹೋಗುವುದು ತೀರಾ ಸಾಮಾನ್ಯ.

ಕಾಲ ಕಂಡುಹಿಡಿಯಲು ಆಕೆಗೇ ಗೊತ್ತಿದ್ದ ಗುರುತು ಸಾಕಾಯಿತು. ನ್ಯಾಟೋ ಬಾಂಬ್ ದಾಳಿ ಶುರುವಾದದ್ದು 1999ರ ಮಾರ್ಚ್ 24ಕ್ಕೆ. "ಏಪ್ರಿಲ್ ಅಲ್ವಾ?" ಅಂತ ಕೇಳಬಾರದು, ಹಾಗೆ ಕೇಳಿದರೆ ಉತ್ತರ ನಾವೇ ಬಾಯಿಗೆ ಇಟ್ಟಂತೆ. "ಆ ದಿನಗಳಲ್ಲಿ ಸುತ್ತಮುತ್ತ ಏನು ನಡೀತಿತ್ತು?" ಅಂತ ಕೇಳಿದೆವು. ಬಾಂಬಿನ ಸದ್ದು ಆಗಲೇ ಶುರುವಾಗಿತ್ತು, ಗಿಡದಲ್ಲಿ ಹೂವಿತ್ತು ಅಂದರು. ಅದನ್ನು ಅವರ ಮಾತಿನಲ್ಲೇ ಬರೆದು, ಪಕ್ಕದಲ್ಲಿ "ದಿನ ನೆನಪಿಲ್ಲ" ಅಂತ ಸೇರಿಸಿದೆವು. ಎಷ್ಟು ಜನ ಅನ್ನುವಲ್ಲೂ "ಗೊತ್ತಿಲ್ಲ". ಸಹಿಗೆ ಮುಂಚೆ ಪೂರ್ತಿ ಓದಿ ಹೇಳಿದ್ದಾಯಿತು, ಎರಡು ಕಡೆ ಅವರೇ ತಿದ್ದಿಸಿದರು.

ವೈದ್ಯರ ಹಳೆಯ ಚೀಟಿಯಿದ್ದರೆ ಜೋಡಿಸಿ. ಇಲ್ಲದಿದ್ದರೆ ಈಗ ಹುಟ್ಟಿಸಲು ಹೋಗಬೇಡಿ. ಪಿಂಚಣಿ ಅರ್ಜಿ ಬೇರೆ, ಯುದ್ಧಾಪರಾಧದ ದೂರು ಬೇರೆ. ಇಂಥ ಅಪರಾಧಕ್ಕೆ ಕೊಸೊವೊ ನ್ಯಾಯಾಲಯ 2021ರಲ್ಲಿ ಶಿಕ್ಷೆ ಕೊಟ್ಟದ್ದನ್ನೂ ತಿಳಿಸಿದೆವು, ಆದರೆ ದೂರಿನ ತೀರ್ಮಾನವನ್ನು ಅದೇ ದಿನ ಮಾಡಬೇಡಿ ಎಂದೆವು.

ಕಾಗದದ ಪ್ರತಿ ಮನೆಗೆ ಒಯ್ಯಲಿಲ್ಲ. ಮಕ್ಕಳು ಕಪಾಟು ತೆರೆಯುತ್ತಾರಂತೆ. ಬ್ಯಾಂಕ್ ಖಾತೆ ಮಾತ್ರ ತಮ್ಮೊಬ್ಬರ ಹೆಸರಿನಲ್ಲೇ ಇರಲಿ ಅಂತ, ನಾವು ಬಾಯಿ ಬಿಡುವ ಮುಂಚೆಯೇ, ಅವರೇ ಹೇಳಿದರು.